ಟಿಎಲ್‌ಡಿ ಬ್ಯಾಡ್ಜ್‌ನ ಅಂಕಿ ಅನುಮಾನ ಹುಟ್ಟಿಸಿದಾಗ: ಹೆಚ್ಚಿದ್ದರೂ ಸೊನ್ನೆಯಿದ್ದರೂ ಕಾರಣ ಹುಡುಕುವ ಕ್ರಮ

ವಿಕಿರಣದ ನಡುವೆ ಕೆಲಸ ಮಾಡುವವರು ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜ್, ಅವರಿಗೆ ತಗುಲಿದ ವಿಕಿರಣದ ಪ್ರಮಾಣವನ್ನು, ಅಂದರೆ ಡೋಸನ್ನು, ಮಿಲಿ ಸೀವರ್ಟ್ ಎಂಬ ಅಳತೆಯಲ್ಲಿ ತಿಳಿಯಲು ಇರುವ ಸಾಧನ. ಮೂರು ತಿಂಗಳಿಗೊಮ್ಮೆ ಬರುವ ಡೋಸ್ ವರದಿಯಲ್ಲಿ ಎಲ್ಲರ ಹೆಸರಿನ ಮುಂದೆ 0.00, 0.05, 0.10 ಎಂಬಂಥ ಅಂಕಿಗಳಿದ್ದು ಒಬ್ಬರ ಮುಂದೆ ಮಾತ್ರ 4.60 ಮಿಲಿ ಸೀವರ್ಟ್ ಎಂದು ಬಂದರೆ, ಎಕ್ಸ್‌ರೇ ವಿಭಾಗದಲ್ಲಿ ಎರಡು ಬಗೆಯ ಮಾತುಗಳು ಹುಟ್ಟುತ್ತವೆ. 'ಬ್ಯಾಡ್ಜ್ ಕೆಟ್ಟಿರಬೇಕು' ಎಂಬುದು ಒಂದು, 'ಪಾಪ, ಈ ಹುಡುಗನ ಗತಿ ಏನು' ಎಂಬುದು ಇನ್ನೊಂದು. ಎರಡೂ ಅವಸರದ ತೀರ್ಮಾನಗಳೇ. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿಯಾಗಿರುವ ನನ್ನ ಬಳಿ ಬೀದರ್, ಯಾದಗಿರಿ ಕಡೆಯ ಎಕ್ಸ್‌ರೇ ಕೇಂದ್ರಗಳವರೂ ಇಂಥ ವರದಿ ಹಿಡಿದುಕೊಂಡು ಬರುತ್ತಾರೆ. ಹೀಗೆ ಬಂದ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸುತ್ತ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚು ಡೋಸ್ ತೋರಿಸಿದ ಬ್ಯಾಡ್ಜಿನ ವಿಚಾರಣೆ ಎಲ್ಲರೂ ಮಾಡುತ್ತಾರೆ, ಏಕೆಂದರೆ ಅದು ಕಣ್ಣಿಗೆ ಬೀಳುತ್ತದೆ. ಬರಬಾರದ ಕಡೆ ಬಂದ ಸೊನ್ನೆಯ ವಿಚಾರಣೆಯನ್ನು ಯಾರೂ ಮಾಡುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಬರಹದಲ್ಲಿ ಸೇರಿಸಿದ್ದೇನೆ.

ಮೊದಲು ಅಂಕಿಯ ತೂಕ ತಿಳಿದಿರಬೇಕು. ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಇಡೀ ದೇಹದ ಡೋಸ್ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿ ಸೀವರ್ಟ್ ಮೀರಬಾರದು, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು ಎಂದು ಮಿತಿ ಹಾಕಿದೆ. ಕೈಕಾಲುಗಳಿಗೂ ಚರ್ಮಕ್ಕೂ ವರ್ಷಕ್ಕೆ 500. ಗರ್ಭಿಣಿ ಎಂದು ತಿಳಿಸಿದ ಸಿಬ್ಬಂದಿಯ ವಿಷಯದಲ್ಲಿ ಉಳಿದ ಅವಧಿಗೆ ಭ್ರೂಣದ ಡೋಸ್ 1 ಮಿಲಿ ಸೀವರ್ಟ್ ದಾಟಬಾರದು. ಸಾರ್ವಜನಿಕರಿಗೂ ವರ್ಷಕ್ಕೆ 1 ಮಿಲಿ ಸೀವರ್ಟೇ ಮಿತಿ. ಒಂದು ಅವಧಿಯ ಬ್ಯಾಡ್ಜ್ 10 ಮಿಲಿ ಸೀವರ್ಟ್ ದಾಟಿದರೆ ವಿಧ್ಯುಕ್ತ ತನಿಖೆ ನಡೆಯಬೇಕು. ಹಾಗೆ ನೋಡಿದರೆ 4.60 ಎಂಬುದು ಮಿತಿಯೊಳಗಿನ ಅಂಕಿ, ಅದರಿಂದ ಯಾರಿಗೂ ತಕ್ಷಣದ ಅಪಾಯವಿಲ್ಲ. ಆದರೂ ನಾನು ಅದನ್ನು ಬಿಡುವುದಿಲ್ಲ. ಸಾಮಾನ್ಯ ಎಕ್ಸ್‌ರೇ ಕೋಣೆಯಲ್ಲಿ ತಡೆಗೋಡೆಯ ಹಿಂದೆ ನಿಂತು ಕೆಲಸ ಮಾಡುವವನಿಗೆ ಅಷ್ಟು ಬರುವುದಕ್ಕೆ ದಾರಿಯೇ ಇರಬಾರದು. ಬಂದಿದೆ ಎಂದರೆ ಗೋಡೆಯಲ್ಲಿ, ಯಂತ್ರದಲ್ಲಿ, ಕೆಲಸದ ಪದ್ಧತಿಯಲ್ಲಿ ಅಥವಾ ಬ್ಯಾಡ್ಜ್ ಇಡುವ ಜಾಗದಲ್ಲಿ ಎಲ್ಲೋ ದೋಷವಿದೆ.

ಬ್ಯಾಡ್ಜ್ ಏನನ್ನು ನೆನಪಿಟ್ಟುಕೊಳ್ಳುತ್ತದೆ

ದೋಷ ಹುಡುಕುವುದಕ್ಕೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ನಮ್ಮ ಬ್ಯಾಡ್ಜಿನೊಳಗೆ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೂರು ಬಿಳಿ ಡಿಸ್ಕ್‌ಗಳಿರುತ್ತವೆ. ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನ್‌ನೊಂದಿಗೆ ಸೇರಿಸಿ ಮಾಡಿದ ಈ ಡಿಸ್ಕ್‌ಗಳು ತಮ್ಮ ಮೇಲೆ ಬಿದ್ದ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಪ್ರಯೋಗಾಲಯದಲ್ಲಿ ಕಾಯಿಸಿದಾಗ ಬೆಳಕಿನ ರೂಪದಲ್ಲಿ ಬಿಟ್ಟುಕೊಡುತ್ತವೆ. ಒಂದು ಡಿಸ್ಕಿನ ಮೇಲೆ ಲೋಹದ ಫಿಲ್ಟರ್, ಇನ್ನೊಂದರ ಮೇಲೆ ಪ್ಲಾಸ್ಟಿಕ್ ಫಿಲ್ಟರ್ ಇರುತ್ತದೆ, ಮೂರನೆಯದು ಬರಿದಾಗಿರುತ್ತದೆ. ಕಡಿಮೆ ಶಕ್ತಿಯ ಎಕ್ಸ್‌ರೇ ಲೋಹದಲ್ಲಿ ಬಹಳಷ್ಟು ತಡೆಯಲ್ಪಡುತ್ತದೆ, ಸೀಸಿಯಂ ಅಥವಾ ಕೋಬಾಲ್ಟಿನ ಗಾಮಾ ಕಿರಣ ಹೆಚ್ಚುಕಡಿಮೆ ಹಾಗೆಯೇ ದಾಟಿಹೋಗುತ್ತದೆ. ಆದ್ದರಿಂದ ಮೂರು ಡಿಸ್ಕ್‌ಗಳ ಅನುಪಾತ ನೋಡಿ ಬಿದ್ದದ್ದು ಯಾವ ಬಗೆಯ ವಿಕಿರಣ ಎಂದು ಹೇಳಬಹುದು. ವರದಿಯಲ್ಲಿ ಕೊನೆಯ ಅಂಕಿ ಮಾತ್ರ ಅಚ್ಚಾಗಿರುತ್ತದೆ. ಅನುಮಾನ ಬಂದಾಗ ಪ್ರಯೋಗಾಲಯಕ್ಕೆ ಬರೆದು ಡಿಸ್ಕ್‌ವಾರು ವಿವರ ಕೇಳಿ ಪಡೆಯಬೇಕು. ಎಕ್ಸ್‌ರೇ ಬಿಟ್ಟು ಬೇರೇನೂ ಇಲ್ಲದ ಕೇಂದ್ರದ ಬ್ಯಾಡ್ಜಿನಲ್ಲಿ ಗಾಮಾದ ಅನುಪಾತ ಕಂಡರೆ ಹುಡುಕುವ ದಿಕ್ಕೇ ಬದಲಾಗುತ್ತದೆ. ಬರಿದಾದ ಡಿಸ್ಕ್ ಒಂದೇ ವಿಪರೀತ ತೋರಿಸಿ ಉಳಿದೆರಡು ಸುಮ್ಮನಿದ್ದರೆ ಆ ಡಿಸ್ಕ್ ಕೊಳೆಯಾಗಿರಬಹುದೇ ಎಂದು ಮೊದಲು ವಿಚಾರಿಸಬೇಕು. ಒಮ್ಮೆ ಕಾಯಿಸಿ ಓದಿದ ಮೇಲೆ ಡಿಸ್ಕಿನ ನೆನಪು ಬಹುಪಾಲು ಅಳಿಸಿಹೋಗುತ್ತದೆ ಎಂಬುದನ್ನೂ ತಿಳಿದಿರಿ. 'ಇನ್ನೊಮ್ಮೆ ಓದಿಸಿ ನೋಡೋಣ' ಎಂಬ ದಾರಿ ಇಲ್ಲಿ ಇಲ್ಲ.

ಒಬ್ಬರಿಗೋ, ಎಲ್ಲರಿಗೋ

ನಾನು ಕೇಳುವ ಮೊದಲ ಪ್ರಶ್ನೆ ಇದು. ಇಡೀ ವಿಭಾಗದ ಅಂಕಿಗಳು ಒಂದೇ ತ್ರೈಮಾಸಿಕದಲ್ಲಿ ಏರಿದ್ದರೆ ಅಥವಾ ಇಳಿದಿದ್ದರೆ, ಸಿಬ್ಬಂದಿಯನ್ನು ಕರೆಸುವ ಮೊದಲು ಕಂಟ್ರೋಲ್ ಬ್ಯಾಡ್ಜ್ ಎಲ್ಲಿತ್ತು ಎಂದು ನೋಡಬೇಕು. ಯಾರೂ ಧರಿಸದ ಆ ಬ್ಯಾಡ್ಜ್ ವಿಕಿರಣವಿಲ್ಲದ ಜಾಗದಲ್ಲಿ ಕುಳಿತು ನೆಲದಿಂದ, ಆಕಾಶದಿಂದ ಸಹಜವಾಗಿ ಬರುವುದನ್ನಷ್ಟೇ ಅಳೆಯುತ್ತದೆ. ಜಗತ್ತಿನ ಸರಾಸರಿಯಂತೆ ಮೂರು ತಿಂಗಳಿಗೆ ಅದು ಸುಮಾರು 0.2 ಮಿಲಿ ಸೀವರ್ಟ್ ಆಗುತ್ತದೆ. ಪ್ರತಿಯೊಬ್ಬರ ಅಂಕಿಯಿಂದಲೂ ಇದನ್ನು ಕಳೆಯಲಾಗುತ್ತದೆ. ಕಂಟ್ರೋಲ್ ಬ್ಯಾಡ್ಜನ್ನು ಅಪ್ಪಿತಪ್ಪಿ ಎಕ್ಸ್‌ರೇ ಕೋಣೆಯ ಕಪಾಟಿನಲ್ಲಿಟ್ಟರೆ ಅದರ ಅಂಕಿ ಉಬ್ಬಿ, ಎಲ್ಲರ ನಿಜವಾದ ಡೋಸನ್ನೂ ನುಂಗಿಹಾಕುತ್ತದೆ. ಆಗ ವರದಿ ತುಂಬ ಸೊನ್ನೆ ಬರುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ. ಎರಡು ವರ್ಷ ಹೀಗೆ ಸಂತೋಷವಾಗಿದ್ದ ಒಂದು ಕೇಂದ್ರವನ್ನು ನಾನು ಕಂಡಿದ್ದೇನೆ.

ಯಾದಗಿರಿ ಕಡೆಯಿಂದ ಬಂದ ಟೆಕ್ನಿಷಿಯನ್ ಒಬ್ಬರು ಶಹಾಪುರ ತಾಲೂಕಿನ ಗೋಗಿಯ ಯುರೇನಿಯಂ ನಿಕ್ಷೇಪದಿಂದ ತಮ್ಮ ಬ್ಯಾಡ್ಜ್ ಹೆಚ್ಚು ತೋರಿಸುತ್ತಿರಬಹುದೇ ಎಂದು ಕೇಳಿದ್ದರು. ಪ್ರಶ್ನೆ ಸಹಜವಾದದ್ದು. ಆದರೆ ಅದಿರು ನೆಲದ ಆಳದಲ್ಲಿದೆ. ಮೇಲಾಗಿ ಆ ಊರಿನ ಸಹಜ ವಿಕಿರಣ ಎಷ್ಟೇ ಇದ್ದರೂ ಅದು ಅಲ್ಲಿನ ಕಂಟ್ರೋಲ್ ಬ್ಯಾಡ್ಜಿನಲ್ಲೂ ಅಷ್ಟೇ ಕಾಣಿಸಿಕೊಂಡು ಲೆಕ್ಕದಿಂದ ಕಳೆದುಹೋಗುತ್ತದೆ. ಅವರ ಕಂಟ್ರೋಲ್ ಬ್ಯಾಡ್ಜಿನ ಅಂಕಿ ನಮ್ಮ ಕಲಬುರಗಿಯದಕ್ಕಿಂತ ಬೇರೆಯಾಗಿಯೇನೂ ಇರಲಿಲ್ಲ.

ಬಿಸಿಲಿನ ಮೇಲೂ ಹೀಗೆಯೇ ತಪ್ಪು ಹೊರಿಸುತ್ತಾರೆ. ಮೇ ತಿಂಗಳಲ್ಲಿ ನಮ್ಮಲ್ಲಿ 43 ಡಿಗ್ರಿ ಹೊಸದಲ್ಲ, ಬೈಕಿನ ಟ್ಯಾಂಕ್ ಕವರಿನಲ್ಲಿ ಉಳಿದ ಬ್ಯಾಡ್ಜ್ ಅದಕ್ಕಿಂತ ಹೆಚ್ಚೇ ಕಾಯುತ್ತದೆ. ಆದರೆ ಈ ಡಿಸ್ಕ್ ತನ್ನ ನೆನಪನ್ನು ಬಿಟ್ಟುಕೊಡುವುದು 220 ಡಿಗ್ರಿಯ ಆಸುಪಾಸಿನಲ್ಲಿ. ಬಿಸಿಲು ಇಲ್ಲದ ಡೋಸನ್ನು ಹುಟ್ಟಿಸಲಾರದು. ಹೋಲ್ಡರಿನ ಪ್ಲಾಸ್ಟಿಕ್ ಸೊಟ್ಟಗಾಗಬಹುದು, ಬೆವರು ಮತ್ತು ಧೂಳು ಸೇರಿ ಡಿಸ್ಕ್ ಕೊಳೆಯಾಗಬಹುದು, ಅದಕ್ಕಾಗಿ ಜೋಪಾನ ಮಾಡಬೇಕು. ಆದರೆ ತನಿಖಾ ವರದಿಯಲ್ಲಿ 'ಬಿಸಿಲಿನಿಂದ' ಎಂದು ಬರೆದದ್ದು ಕಂಡರೆ ನಾನು ಅದನ್ನು ವಾಪಸು ಕಳಿಸುತ್ತೇನೆ.

ಒಬ್ಬರದೇ ಆಗಿದ್ದರೆ: ಗೂಟದ ಪ್ರಕರಣ

ಆ 4.60ರ ಹುಡುಗ ಕೆಲಸದಲ್ಲಿ ಅಚ್ಚುಕಟ್ಟು. ಹಿಂದಿನ ಮೂರು ವರ್ಷದಲ್ಲಿ ಅವನ ಅಂಕಿ 0.20 ದಾಟಿರಲಿಲ್ಲ. ಇಂಥವರನ್ನು ಕರೆಸಿದಾಗ 'ಬ್ಯಾಡ್ಜ್ ರೂಮಿನಲ್ಲೇ ಬಿಟ್ಟಿದ್ದೆಯಾ' ಎಂದು ಕೇಳುವುದು ತಪ್ಪು. ಹೆದರಿದವನಿಗೆ ಅದು ಪಾರಾಗುವ ಬಾಗಿಲಿನಂತೆ ಕಾಣುತ್ತದೆ. ಹೌದೆಂದು ಬಿಡುತ್ತಾನೆ, ಕಡತ ಮುಚ್ಚುತ್ತದೆ, ನಿಜವಾದ ಸೋರಿಕೆ ಇದ್ದರೆ ಅದು ಹಾಗೇ ಉಳಿಯುತ್ತದೆ. 'ಹೋದ ಮೂರು ತಿಂಗಳಾಗ ನಿಮ್ಮ ಬ್ಯಾಡ್ಜ್ ಮುಂಜಾನೆಯಿಂದ ರಾತ್ರಿ ತನಕ ಎಲ್ಲೆಲ್ಲಿ ಇರ್ತಿತ್ತು, ಸಾವಕಾಶ ಹೇಳ್ರಿ' ಎಂದು ಕೇಳಿದೆ. 'ಏಪ್ರನ್ನಿಗೇ ಚುಚ್ಚಿರ್ತೀನ್ರಿ ಸರ್. ಮನಿಗಿ ಒಯ್ದರ ಕಳೀತದ ಅಂತೇಳಿ ಅಲ್ಲೇ ಬಿಡ್ತೀನ್ರಿ. ಏಪ್ರನ್ ಗೂಟಕ್ಕ ಇರ್ತದ' ಎಂದ. ಏಪ್ರನ್ ಎಂದರೆ ಎಕ್ಸ್‌ರೇ ತಡೆಯಲು ತೊಡುವ ಸೀಸದ ಮೇಲಂಗಿ.

ಹಾಗಾದರೆ ಹಿಂದಿನ ಮೂರು ವರ್ಷವೂ ಅಂಕಿ ಹೆಚ್ಚು ಬರಬೇಕಿತ್ತು. ಬಂದಿರಲಿಲ್ಲ. ಇಲ್ಲಿ ನಿಂತು ಯೋಚಿಸಬೇಕು; ಒಂದು ಕಾರಣ ಸಿಕ್ಕಿತು ಎಂದು ಹುಡುಕಾಟ ನಿಲ್ಲಿಸುವವರು ಇಲ್ಲಿಯೇ ಎಡವುತ್ತಾರೆ. ಕೋಣೆಗೆ ಹೋಗಿ ಗೂಟ ನೋಡಿದೆ. ಗೋಡೆಗೆ ಬಳಿದ ಸುಣ್ಣ ಹೊಸದಾಗಿತ್ತು. ತಡೆಗೋಡೆಯ ಹಿಂದೆ ಕಂಟ್ರೋಲ್ ಪ್ಯಾನೆಲ್ಲಿನ ಪಕ್ಕದಲ್ಲಿ ಸಿಮೆಂಟ್ ತುಂಬಿ ಮುಚ್ಚಿದ ಎರಡು ತೂತುಗಳು ಕಂಡವು. ಸುಣ್ಣ ಬಳಿಯುವಾಗ ಕಿತ್ತ ಗೂಟವನ್ನು ಕೆಲಸದವರು ತಡೆಗೋಡೆಯ ಈಚೆಗೆ, ರೋಗಿ ಮಲಗುವ ಮೇಜಿಗೆ ಎದುರಾಗಿ ಹೊಡೆದಿದ್ದರು. ಟೇಪು ಹಿಡಿದು ಅಳೆದರೆ ಮೇಜಿನ ನಡುವಿನಿಂದ 1.2 ಮೀಟರ್.

ಇನ್ನು ಲೆಕ್ಕ ಹೊಂದಬೇಕು. ರೋಗಿಯ ಮೈಮೇಲೆ ಬಿದ್ದ ಎಕ್ಸ್‌ರೇಯಲ್ಲಿ ಸುಮಾರು ಸಾವಿರದಲ್ಲಿ ಒಂದು ಪಾಲು ಒಂದು ಮೀಟರ್ ದೂರದಲ್ಲಿ ಚದುರಿ ಸಿಗುತ್ತದೆ ಎಂಬುದು ನಮ್ಮ ಕೆಲಸದಲ್ಲಿ ಬಳಕೆಯಲ್ಲಿರುವ ಅಂದಾಜು. ಸೊಂಟ, ಬೆನ್ನುಮೂಳೆ, ಹೊಟ್ಟೆಯ ಎಕ್ಸ್‌ರೇಗಳಲ್ಲಿ ರೋಗಿಯ ಮೈಮೇಲೆ ಬೀಳುವುದು ಒಂದಕ್ಕೆ 5 ಮಿಲಿ ಗ್ರೇ ಎಂದು ಹಿಡಿದೆ. ಅಂದರೆ ಮೀಟರ್ ದೂರದಲ್ಲಿ 5 ಮೈಕ್ರೋ ಗ್ರೇ. ರಿಜಿಸ್ಟರಿನ ಪ್ರಕಾರ ದಿನಕ್ಕೆ ಇಂಥವು ಸರಾಸರಿ 15, ಕೆಲಸದ ದಿನಗಳು 78. ಗುಣಿಸಿದರೆ 5.85 ಮಿಲಿ ಗ್ರೇ. ದೂರ 1.2 ಮೀಟರ್ ಆದ್ದರಿಂದ ಅದರ ವರ್ಗವಾದ 1.44ರಿಂದ ಭಾಗಿಸಿದರೆ ಸುಮಾರು 4. ಈ ಅಂದಾಜಿಗೆ ಮಿಲಿ ಗ್ರೇಯನ್ನೂ ಮಿಲಿ ಸೀವರ್ಟನ್ನೂ ಹೆಚ್ಚುಕಡಿಮೆ ಒಂದೇ ಎಂದು ಹಿಡಿಯಬಹುದು, ಹಾಗಾಗಿ ಇದು 4.60ರ ಹತ್ತಿರವೇ ಬಂತು. ಎದೆಯ ಎಕ್ಸ್‌ರೇಗಳನ್ನು ನಾನು ಸೇರಿಸಿರಲಿಲ್ಲ, ಅವುಗಳ ಪಾಲು ಸಣ್ಣದು.

ಲೆಕ್ಕವನ್ನು ನಂಬಿ ಬಿಡಲಿಲ್ಲ. ಪೆನ್ನಿನ ಆಕಾರದ ಹಳೆಯ ಪಾಕೆಟ್ ಡೋಸಿಮೀಟರ್ ಒಂದನ್ನು ಸೊನ್ನೆಗೆ ತಂದು ಅದೇ ಗೂಟಕ್ಕೆ ಅದೇ ಎತ್ತರದಲ್ಲಿ ತೂಗುಹಾಕಿ, ಇನ್ನೊಂದನ್ನು ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ಈ ಪೆನ್ನುಗಳು ತಟ್ಟಿದರೆ, ಬಿದ್ದರೆ, ತೇವಕ್ಕೆ ಸಿಕ್ಕರೆ ವಿಕಿರಣವಿಲ್ಲದೆಯೂ ಕೂದಲೆಳೆಯಂಥ ಮುಳ್ಳು ಸರಿಯುತ್ತದೆ, ಆದ್ದರಿಂದ ಹೋಲಿಕೆಗೆ ಎರಡನೆಯದು ಬೇಕೇ ಬೇಕು. ಆರು ಕೆಲಸದ ದಿನಗಳ ನಂತರ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಡ್ರಾಯರಿನದು ಸೊನ್ನೆಯ ಗೆರೆಯಲ್ಲೇ ಇತ್ತು, ಗೂಟದ್ದು 35 ಮಿಲಿ ರಾಂಟ್‌ಜೆನ್ ತೋರಿಸಿತು. ಹದಿಮೂರು ವಾರಕ್ಕೆ 455, ಸುಮಾರು 100 ಮಿಲಿ ರಾಂಟ್‌ಜೆನ್ನಿಗೆ 1 ಮಿಲಿ ಸೀವರ್ಟ್ ಎಂದು ಹಿಡಿದರೆ ಸುಮಾರು 4.5 ಮಿಲಿ ಸೀವರ್ಟ್. ಪ್ರಯೋಗಾಲಯದ ಡಿಸ್ಕ್‌ವಾರು ವಿವರದಲ್ಲೂ ಎಕ್ಸ್‌ರೇಯ ಅನುಪಾತವೇ ಇತ್ತು. ಹುಡುಗನ ಹೇಳಿಕೆ, ಗೋಡೆಯ ತೂತು, ಲೆಕ್ಕ, ಪೆನ್ನು, ಡಿಸ್ಕು ಎಲ್ಲವೂ ಒಂದೇ ಮಾತು ಹೇಳಿದ ಮೇಲೆ ಆ ಡೋಸ್ ವ್ಯಕ್ತಿಗೆ ತಗುಲಿದ್ದಲ್ಲ, ಬ್ಯಾಡ್ಜಿಗೆ ತಗುಲಿದ್ದು ಎಂದು ಬರೆದೆ.

ಇಲ್ಲಿಗೆ ಕೆಲಸ ಮುಗಿಯುವುದಿಲ್ಲ. ಬ್ಯಾಡ್ಜ್ ಗೂಟದಲ್ಲಿತ್ತು ಎಂದರೆ ಅಷ್ಟೂ ದಿನ ಅವನು ಬ್ಯಾಡ್ಜ್ ಇಲ್ಲದೆ ಕೆಲಸ ಮಾಡಿದ ಎಂದೇ ಅರ್ಥ, ಹಿಂದಿನ ಮೂರು ವರ್ಷದ ಒಳ್ಳೆಯ ಅಂಕಿಗಳು ಕೂಡ ಗೂಟದವೇ. ಹಾಗಾಗಿ ಅವನು ಮಾಡಿದ ಪೋರ್ಟಬಲ್ ಎಕ್ಸ್‌ರೇಗಳು, ಮಕ್ಕಳನ್ನು ಹಿಡಿದುಕೊಂಡು ತೆಗೆಸಿದ ಎಕ್ಸ್‌ರೇಗಳು ಎಷ್ಟು ಎಂದು ರಿಜಿಸ್ಟರಿನಿಂದ ಎಣಿಸಿ ಅಂದಾಜು ಡೋಸ್ ಕಟ್ಟಿ ಅದನ್ನೂ ಕಡತಕ್ಕೆ ಸೇರಿಸಿದೆ. ದಾಖಲೆಯಲ್ಲಿರುವ ಅಂಕಿಯನ್ನು ನಾವೇ ತಿದ್ದುವಂತಿಲ್ಲ. ತನಿಖೆಯ ಕಾಗದಗಳನ್ನು ಕಳಿಸಬೇಕು, ತೀರ್ಮಾನ ಮೇಲಿನವರದು.

ಬ್ಯಾಡ್ಜಿಗೆ ಮಾತ್ರ ಡೋಸ್ ತಗುಲುವ ಬೇರೆ ದಾರಿಗಳೂ ಇವೆ. ತಮಗೇ ಸಿಟಿ ಸ್ಕ್ಯಾನ್ ಮಾಡಿಸಿಕೊಳ್ಳುವಾಗ ಬ್ಯಾಡ್ಜ್ ಅಂಗಿಯಲ್ಲೇ ಉಳಿದಿರುವುದು, ನ್ಯೂಕ್ಲಿಯರ್ ಮೆಡಿಸಿನ್ ತಪಾಸಣೆಯ ಔಷಧಿ ಮೈಯಲ್ಲಿರುವಾಗಲೇ ಬ್ಯಾಡ್ಜ್ ಹಾಕಿಕೊಂಡು ಕೆಲಸಕ್ಕೆ ಬರುವುದು, ಇಬ್ಬರ ಕಾರ್ಡುಗಳು (ಬ್ಯಾಡ್ಜಿನೊಳಗಿನ ಡಿಸ್ಕ್‌ಗಳ ಪಟ್ಟಿಗಳು) ಅದಲುಬದಲಾಗುವುದು, ಹೋಲ್ಡರ್ ಇಲ್ಲದೆ ಬರೀ ಕಾರ್ಡನ್ನು ಜೇಬಿನಲ್ಲಿಟ್ಟುಕೊಳ್ಳುವುದು, ಏಪ್ರನ್ನಿನ ಒಳಗಿರಬೇಕಾದ ಬ್ಯಾಡ್ಜ್ ಹೊರಗಿರುವುದು. ರೋಗಿಯಾಗಿ ಪಡೆದ ಡೋಸ್ ಕೆಲಸದ ಡೋಸಿನ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಮುಚ್ಚುಮರೆಯಿಲ್ಲದೆ ಹೇಳಲು ಸಿಬ್ಬಂದಿಗೆ ಧೈರ್ಯ ಕೊಡಬೇಕು.

ಡೋಸ್ ನಿಜವಾದದ್ದೇ ಆಗಿದ್ದರೆ

ಮೇಲಿನ ಯಾವುದೂ ಹೊಂದದಿದ್ದರೆ ಡೋಸ್ ವ್ಯಕ್ತಿಗೇ ತಗುಲಿದೆ ಎಂದು ಹಿಡಿದು ಮುಂದುವರಿಯಬೇಕು. ಸಂಶಯದ ಲಾಭ ಯಂತ್ರಕ್ಕೆ ಹೋಗಬಾರದು. ಸರ್ವೇ ಮೀಟರ್ ಹಿಡಿದು ತಡೆಗೋಡೆ, ಬಾಗಿಲಿನ ಸಂದು, ಸೀಸದ ಗಾಜಿನ ಅಂಚು ಎಲ್ಲವನ್ನೂ ನೋಡಬೇಕು. ಆದರೆ ಅನೇಕರ ಕೈಯಲ್ಲಿರುವ ಗೈಗರ್ ಮೀಟರ್, ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ಇರುವ ಎಕ್ಸ್‌ರೇಯನ್ನು ಸರಿಯಾಗಿ ಎಣಿಸಲಾರದು. ಒಂದು ಎಣಿಕೆಯಾದ ಮೇಲೆ ಕ್ಷಣಕಾಲ ಅದು ಕುರುಡಾಗುತ್ತದೆ, ಆ ಕ್ಷಣದೊಳಗೆ ಬಂದದ್ದೆಲ್ಲ ಲೆಕ್ಕ ತಪ್ಪುತ್ತದೆ. ಇಲ್ಲಿ ಬೇಕಾದದ್ದು ಅಯಾನ್ ಚೇಂಬರ್ ಇರುವ ಮೀಟರ್. ಎಲೆಕ್ಟ್ರಾನಿಕ್ ಪಾಕೆಟ್ ಡೋಸಿಮೀಟರುಗಳಿಗೂ ಇದೇ ತೊಂದರೆ ಇರುವುದುಂಟು, ಕೆಲವು ಹಳೆಯ ಮಾದರಿಗಳು ಪಕ್ಕದ ಜೇಬಿನ ಮೊಬೈಲಿಗೆ ಬೆದರಿ ಇಲ್ಲದ ಅಂಕಿ ತೋರಿಸಿದ್ದೂ ಇದೆ.

ಓಟಿಯಲ್ಲಿ, ಅಂದರೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ, ಸಿ-ಆರ್ಮ್ (ಶಸ್ತ್ರಚಿಕಿತ್ಸೆ ನಡೆಯುವಾಗಲೇ ಎಕ್ಸ್‌ರೇ ಚಿತ್ರವನ್ನು ಪರದೆಯ ಮೇಲೆ ತೋರಿಸುವ ಯಂತ್ರ) ಬಳಸುವವರಾದರೆ ಎಕ್ಸ್‌ರೇ ಹೊರಡುವ ಟ್ಯೂಬ್ ಎಲ್ಲಿರುತ್ತದೆ ಎಂದು ನಿಂತು ನೋಡಬೇಕು. ಕಿರಣ ಮೈಯೊಳಗೆ ಹೊಕ್ಕುವ ಕಡೆಯಿಂದಲೇ ಚದುರುವುದು ಹೆಚ್ಚು. ಟ್ಯೂಬ್ ಮೇಜಿನ ಕೆಳಗಿದ್ದರೆ ಅದು ಕಾಲಿನ ಕಡೆ ಹೋಗುತ್ತದೆ, ಅನುಕೂಲಕ್ಕೆಂದು ತಿರುಗಿಸಿ ಮೇಲಿಟ್ಟರೆ ನೇರವಾಗಿ ಕಣ್ಣು ಕುತ್ತಿಗೆಗೆ ಬರುತ್ತದೆ. ಪಕ್ಕದಿಂದ ಚಿತ್ರ ತೆಗೆಯುವಾಗ ಟ್ಯೂಬಿನ ಕಡೆ ನಿಲ್ಲದೆ ಎದುರು ಬದಿಗೆ ನಿಲ್ಲಬೇಕು. ಒಂದು ಹೆಜ್ಜೆ ಹಿಂದೆ ಸರಿದು ಅರ್ಧ ಮೀಟರ್ ಇದ್ದ ದೂರ ಒಂದು ಮೀಟರ್ ಆದರೆ ಡೋಸ್ ಕಾಲು ಭಾಗಕ್ಕೆ ಇಳಿಯುತ್ತದೆ, ಇದಕ್ಕೆ ಖರ್ಚೇನೂ ಇಲ್ಲ. ಲೆಡ್ ಏಪ್ರನ್ನುಗಳನ್ನು ವರ್ಷಕ್ಕೊಮ್ಮೆ ಸ್ಕ್ರೀನಿಂಗ್ (ಎಕ್ಸ್‌ರೇ ಹಾಯಿಸುತ್ತಲೇ ಪರದೆಯ ಮೇಲೆ ನೋಡುವ) ಯಂತ್ರದಡಿ ಹರಡಿ ನೋಡಿ. ಮಡಚಿ ಕುರ್ಚಿಯ ಮೇಲೆ ಎಸೆಯುವ ಏಪ್ರನ್ ಹೊರಗಿನ ಬಟ್ಟೆಯಲ್ಲಿ ಹೊಸದರಂತೆ ಕಾಣುತ್ತದೆ, ಪರದೆಯ ಮೇಲೆ ಮಾತ್ರ ಮಡಿಕೆಯ ಸಾಲಿಗೆ ಬಿಳಿ ಬಿರುಕು ಹೊಳೆಯುತ್ತದೆ.

ಅನುಪಾತ ಗಾಮಾ ಎಂದು ಹೇಳಿದರೆ ದಾರಿ ಬೇರೆ. ಸಿಮೆಂಟ್ ಕಾರ್ಖಾನೆಗಳಲ್ಲಿ ಹಾಪರಿನಲ್ಲಿ (ಸರಕು ತುಂಬಿಡುವ ದೊಡ್ಡ ತೊಟ್ಟಿಯಲ್ಲಿ) ಎಷ್ಟು ಮಟ್ಟಕ್ಕೆ ತುಂಬಿದೆ ಎಂದು ಅಳೆಯಲು ಸೀಸಿಯಂ-137 ಇರುವ ಮಾಪಕಗಳನ್ನು ಬಳಸುವುದುಂಟು. ಅದರ ಅರ್ಧಾಯುಷ್ಯ 30 ವರ್ಷ, ಯಂತ್ರ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ದುರಸ್ತಿಗೆ ಒಳಗಿಳಿದವರ ಬ್ಯಾಡ್ಜ್ ಏರಿದ್ದರೆ ಆ ದಿನ ಶಟರ್ ಮುಚ್ಚಿ ಬೀಗ ಹಾಕಿ, ಮೀಟರಿನಿಂದ ಖಚಿತಪಡಿಸಿಕೊಂಡರೇ ಎಂಬುದೇ ಮೊದಲ ಪ್ರಶ್ನೆ. ಹಿಡಿಕೆ ಮುಚ್ಚಿದ ಕಡೆಗೆ ತಿರುಗಿದ್ದರೂ ಧೂಳು ತುಂಬಿ ಶಟರ್ ಅರ್ಧಕ್ಕೇ ನಿಂತಿರಬಹುದು. ಡೋಸ್ 100 ಮಿಲಿ ಸೀವರ್ಟ್ ಮಟ್ಟಕ್ಕೆ ಹೋಗಿರಬಹುದೆಂಬ ಶಂಕೆ ಇದ್ದರೆ ರಕ್ತದ ವರ್ಣತಂತು ಪರೀಕ್ಷೆಯಿಂದ ತಿಳಿಯುವ ಸಾಧ್ಯತೆ ಇದೆ. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ, ಸಿಬ್ಬಂದಿಗೆ ಸುಮ್ಮನೆ ಸಮಾಧಾನಕ್ಕೆಂದು ಮಾಡಿಸಬೇಡಿ.

ಸೊನ್ನೆಯ ದೋಷ

ಮೂಳೆ ಶಸ್ತ್ರಚಿಕಿತ್ಸೆಯ ಡಾಕ್ಟರ್ ಸಾಹೇಬರೊಬ್ಬರ ಅಂಕಿ ವರ್ಷಗಟ್ಟಲೆ 0.00. ಸಿ-ಆರ್ಮ್‌ನಡಿ ಅವರಷ್ಟು ಕೆಲಸ ಮಾಡುವವರು ವಿಭಾಗದಲ್ಲಿ ಬೇರೆ ಇಲ್ಲ. ಈ ಸೊನ್ನೆ ಸುಳ್ಳೇ ಎಂದರೆ, ಹಾಗೆಂದು ಕೂಡಲೇ ಹೇಳುವಂತಿಲ್ಲ. ತ್ರೈಮಾಸಿಕಕ್ಕೆ 40 ಶಸ್ತ್ರಚಿಕಿತ್ಸೆ, ಒಂದಕ್ಕೆ 3 ನಿಮಿಷ ಸ್ಕ್ರೀನಿಂಗ್ ಎಂದರೆ ಒಟ್ಟು 2 ಗಂಟೆ. ಅವರು ನಿಲ್ಲುವ ಜಾಗದಲ್ಲಿ ಚದುರಿದ ವಿಕಿರಣ ಗಂಟೆಗೆ 1 ಮಿಲಿ ಸೀವರ್ಟ್ ಎಂದು ಹಿಡಿದರೆ ಏಪ್ರನ್ನಿನ ಹೊರಗೆ 2 ಆಗುತ್ತದೆ. ಒಳ್ಳೆಯ ಏಪ್ರನ್ ಇಪ್ಪತ್ತರಲ್ಲಿ ಒಂದು ಪಾಲನ್ನೇ ಒಳಗೆ ಬಿಟ್ಟರೂ ಎದೆಯ ಬ್ಯಾಡ್ಜಿಗೆ ತಗುಲುವುದು 0.1. ಅಂದರೆ ಪ್ರಾಮಾಣಿಕವಾಗಿ ಧರಿಸಿದ ಬ್ಯಾಡ್ಜೂ ಸೊನ್ನೆಯ ಹತ್ತಿರವೇ ಬರಬಹುದು. ಡ್ರಾಯರಿನಲ್ಲಿ ಮಲಗಿದ ಬ್ಯಾಡ್ಜೂ ಸೊನ್ನೆಯನ್ನೇ ತೋರಿಸುತ್ತದೆ. ವರದಿಯಲ್ಲಿ ಎರಡನ್ನೂ ಬೇರೆ ಮಾಡುವ ಗುರುತು ಯಾವುದೂ ಇಲ್ಲ.

ಬೇರೆ ಮಾಡಲು ನಾನು ಬಳಸುವ ಉಪಾಯವೆಂದರೆ ಏಪ್ರನ್ನಿನ ಹೊರಗೆ ಕಾಲರಿನ ಬಳಿ ಇನ್ನೊಂದು ಬ್ಯಾಡ್ಜ್. ಅದನ್ನು ಬೇರೆ ಗುರುತಿನಲ್ಲಿ ದಾಖಲಿಸಬೇಕು, ಇಲ್ಲದಿದ್ದರೆ ಅದರ ಅಂಕಿ ಇಡೀ ದೇಹದ ಡೋಸ್ ಎಂದು ದಾಖಲಾಗುತ್ತದೆ. ಕಾಲರಿನದು 1 ಅಥವಾ 2 ತೋರಿಸಿ ಎದೆಯದು ಸೊನ್ನೆ ತೋರಿಸಿದರೆ ಆ ಸೊನ್ನೆ ಏಪ್ರನ್ನಿನ ಗಳಿಕೆ. ಯಂತ್ರದ ದಾಖಲೆ 2 ಗಂಟೆ ಸ್ಕ್ರೀನಿಂಗ್ ಹೇಳುತ್ತಿರುವಾಗ ಎರಡೂ ಸೊನ್ನೆ ಬಂದರೆ ಬ್ಯಾಡ್ಜ್ ಓಟಿಗೆ ಹೋಗಿಯೇ ಇಲ್ಲ. ಕಾಲರಿನ ಅಂಕಿ ಕಣ್ಣಿನ ಡೋಸಿನ ಅಂದಾಜಿಗೂ ಆಗುತ್ತದೆ. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗ 2011ರಲ್ಲಿ ಕಣ್ಣಿನ ಮಸೂರದ ಮಿತಿಯನ್ನು ವರ್ಷಕ್ಕೆ 150ರಿಂದ ಸರಾಸರಿ 20 ಮಿಲಿ ಸೀವರ್ಟಿಗೆ ಇಳಿಸುವಂತೆ ಹೇಳಿದ್ದು, ಹಿಂದೆ ತಿಳಿದಿದ್ದಕ್ಕಿಂತ ಕಡಿಮೆ ಡೋಸಿಗೇ ಪೊರೆ ಬರಬಹುದೆಂದು ಕಂಡುಬಂದದ್ದರಿಂದ.

ಡಾಕ್ಟರ್ ಸಾಹೇಬರ ಮೊದಲ ತ್ರೈಮಾಸಿಕದಲ್ಲಿ ಎರಡೂ ಸೊನ್ನೆ ಬಂದವು. ಯಂತ್ರದ ಸ್ಕ್ರೀನಿಂಗ್ ನಿಮಿಷಗಳ ಪಟ್ಟಿಯನ್ನೂ ವರದಿಯನ್ನೂ ಒಟ್ಟಿಗೆ ಅವರ ಮುಂದಿಟ್ಟೆ, ಬೇರೇನೂ ಹೇಳಲಿಲ್ಲ. ಸ್ವಲ್ಪ ಹೊತ್ತು ನೋಡಿ, ಬ್ಯಾಡ್ಜ್ ಹೊರರೋಗಿ ವಿಭಾಗದ ಕೋಟಿನಲ್ಲಿ ಉಳಿಯುತ್ತದೆ, ಓಟಿ ಬಟ್ಟೆಗೆ ಬದಲಾಯಿಸಿಕೊಳ್ಳುವಾಗ ನೆನಪಾಗುವುದಿಲ್ಲ ಎಂದರು. ನೆನಪಿಗೆ ಬಿಡಬಾರದ ಕೆಲಸವನ್ನು ನೆನಪಿಗೆ ಬಿಟ್ಟದ್ದು ನಮ್ಮ ವ್ಯವಸ್ಥೆಯ ದೋಷ. ಈಗ ಓಟಿಯ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಟೊಪ್ಪಿಗೆ ಇಡುವ ಕಪಾಟಿನ ಪಕ್ಕದಲ್ಲೇ ಹೆಸರು ಬರೆದ ಕೊಕ್ಕೆಗಳ ಹಲಗೆ ಇದೆ. ಟೊಪ್ಪಿಗೆಗೆ ಕೈ ಹಾಕುವಾಗ ಬ್ಯಾಡ್ಜ್ ಕಣ್ಣಿಗೆ ಬೀಳುತ್ತದೆ, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಯಾರ ಕೊಕ್ಕೆಯಲ್ಲಿ ಬ್ಯಾಡ್ಜ್ ಉಳಿದಿದೆ ಎಂದು ಸಿಸ್ಟರ್ ಒಮ್ಮೆ ನೋಡುತ್ತಾರೆ. ಮುಂದಿನ ವರದಿಯಲ್ಲಿ ಅವರ ಕಾಲರ್ ಬ್ಯಾಡ್ಜ್ 1.75, ಎದೆಯದು 0.10 ಎಂದು ಬಂದಿತು.